ಹನ್ನೊಂದು ಸೆಕೆಂಡು

ಮುಹರ್ರಕ್ಕಿನ ಗಲ್ಲಿ ಎಷ್ಟು ಕಿರಿದೆಂದರೆ
ಕಂಪನಿಯ ವ್ಯಾನು ಬೇಕರಿಯ ಹತ್ತಿರವೇ ನಿಂತಿತು.
ಚೀಲ ಹೆಗಲಿಗೇರಿಸಿ ನಡೆದೆ.
ಹಾಡಿನ ಮ್ಯೂಸಿಯಮ್ಮಿನಲ್ಲಿ ನನಗೇನು ಕೆಲಸ?
ಬೆಂಕಿ ಆರಿಸುವ ಕೆಂಪು ಸಿಲಿಂಡರು ಐದು,
ಮುಳ್ಳು ಹಸಿರಿನಲ್ಲಿದೆಯೇ ನೋಡಬೇಕು,
ಚೀಟಿ ಕಟ್ಟಿ ಸಹಿ ಹಾಕಬೇಕು, ಅಷ್ಟೆ.

ಮೊದಲನೆಯದು ಬಾಗಿಲ ಹಿಂದೆ.
ಎರಡನೆಯದರ ಪಕ್ಕ, ಗಾಜಿನೊಳಗೆ, ಒಂದು ಮಣ್ಣಿನ ಕೊಡ.
ನೀರಿಗಲ್ಲವಂತೆ, ಬಡಿಯಲಿಕ್ಕೆ.
ಮುತ್ತಿಗೆ ಮುಳುಗುವವರು ದಡದಲ್ಲಿ ಉಳಿದ ತಿಂಗಳುಗಳಲ್ಲಿ
ಅದರ ಬಾಯಿಗೆ ಅಂಗೈ ಕೊಟ್ಟು ಹಾಡುತ್ತಿದ್ದರೆಂದು
ಬದ್ರಿಯಾ ಹೇಳಿದಳು. ಇಲ್ಲಿಯ ಕೀಲಿಕೈ ಅವಳದು.
"ಚಪ್ಪಾಳೆ ತಟ್ಟಲಿಕ್ಕೂ ಕಲಿಯಬೇಕಿತ್ತು ಆಗ" ಎಂದಳು.
ನಾನು ಸಿಲಿಂಡರಿನ ಧೂಳು ಒರೆಸಿದೆ.

ಮೂರನೆಯದರ ಹತ್ತಿರ ಕರಿಯ ತಟ್ಟೆಗಳು.
ಹಾಡುಗಾರರು ಹಡಗು ಹತ್ತಿ ಬೊಂಬಾಯಿಗೆ ಹೋಗಿ
ಹಾಡಿ ಬಂದ ಕಾಲದವು.
ಒಂದರ ಮೇಲೆ ಹಾಡಿದವನ ಹೆಸರಿದೆ,
ಪುಟ್ಟ ಮದ್ದಳೆ ಬಾರಿಸಿದವನದು ಉಜ್ಜಿಹೋಗಿದೆ.
ಬೊಂಬಾಯಿ ಇವರಿಗೂ ಪರದೇಶವಾಗಿತ್ತೇ!
ನಮಗೂ ಆಗಿತ್ತಲ್ಲ.

ನಾಲ್ಕನೆಯದು ಕ್ಯಾಸೆಟ್ಟುಗಳ ಕೋಣೆಯಲ್ಲಿ.
ಕವರಿನ ಮೇಲೆ ದಪ್ಪ ಮೀಸೆ, ಕಂದು ಕನ್ನಡಕ,
ಹಿಂದೆ ಪ್ಲಾಸ್ಟಿಕ್ ಗುಲಾಬಿ.
ಪ್ರತಿಯೊಂದರ ನೆತ್ತಿಯ ಎರಡು ಹಲ್ಲು ಮುರಿದಿವೆ,
ಯಾರೂ ಇದರ ಮೇಲೆ ಬೇರೇನೂ ತುಂಬಬಾರದೆಂದು.

ನಮ್ಮಪ್ಪ ತುಂಬಿದ್ದ.
ಈ ದ್ವೀಪದಲ್ಲೇ, ಎಲ್ಲೋ ಒಂದು ಮಾಳಿಗೆಯಲ್ಲಿ
ಬಿಳಿಯ ನಿಲುವಂಗಿ ಹೊಲಿಯುತ್ತಿದ್ದವ,
ಖಾಲಿ ಕ್ಯಾಸೆಟ್ಟಿಗೆ ದುಡ್ಡು ದಂಡವೆಂದು
ಯಾರೋ ಬಿಸಾಕಿದ ಹಾಡಿನದು ಹೆಕ್ಕಿ ತಂದು
ಮುರಿದ ಹಲ್ಲಿನ ತೂತಿಗೆ ಬಟ್ಟೆಯ ಚೂರು ತುರುಕಿ
ರಾತ್ರಿ ಮಾತಾಡಲು ಕೂತಿದ್ದ.
"ಹೋಯ್, ಕೇಂತಿತ್ತಾ?
ಇಲ್ಲ್ ಸೆಕಿ ಅಂದ್ರೆ ಸೆಕಿ.
ಅಬ್ಬಿ ಕಾಲ್ ನೋವ್ ಹ್ಯಾಂಗಿತ್ತ್?"
ಹಿಂದೆ ಯಾರದೋ ಮಿಶನ್ನು ಟರ್ರೆನ್ನುತ್ತಿತ್ತು.
ಗಂಗೊಳ್ಳಿಯಲ್ಲಿ ನಾವು ಐದು ಜನ
ರೇಡಿಯೋ ಅಂಗಡಿಯವನ ಟೇಪಿನೆದುರು ಚಕ್ಕಳಮಕ್ಕಳ.
ಕೊನೆಗೆ "ಇಡ್ತೆ ಹಂಗಾರೆ".
ಕ್ಲಿಕ್.
ಆಮೇಲೆ, ಅಪ್ಪ ಮುಗಿದ ಮೇಲೂ ಉಳಿದ ಟೇಪಿನಲ್ಲಿ
ಹನ್ನೊಂದು ಸೆಕೆಂಡು
ಒಂದು ಪಿಟೀಲು, ರಾಶಿ ಚಪ್ಪಾಳೆ, ಒಬ್ಬನ ಗಂಟಲು.

ದುಡ್ಡಿನ ಸುದ್ದಿ ಅಮ್ಮನಿಗೆ.
ನಮಗೆ ಮಕ್ಕಳಿಗೆ ಆ ಹನ್ನೊಂದು ಸೆಕೆಂಡು.
ತಮ್ಮ ಕುಣಿಯುತ್ತಿದ್ದ, ಜಾರುವ ಚಡ್ಡಿ ಹಿಡಿದುಕೊಂಡು.
ನಾನು ಆ ಸಾಲಿಗೆ ನಮ್ಮ ಮಾತು ತುಂಬಿ,
ಏನೋ ಬಂಗುಡೆಯ ಬಗ್ಗೆ,
ಶಾಲೆಯಲ್ಲಿ ಹಾಡಿ ಪೆಟ್ಟು ತಿಂದೆ.
ಟೇಪಿಗೆ ಬೂಷ್ಟು ಹಿಡಿಯಿತು. ಅಪ್ಪ ಬಂದ, ಇದ್ದ, ಹೋದ.

ಐದನೆಯ ಸಿಲಿಂಡರು ಹುಡುಕುತ್ತಿದ್ದೆ.
ಸ್ಪೀಕರು ಕೈಕೊಟ್ಟಿದೆಯೇನೋ ಎಂದು ಬದ್ರಿಯಾ ಗುಂಡಿ ಒತ್ತಿದಳು.
ಊದ್ ನಿಧಾನ ಹೊರಟಿತು. ಗುರುತಿಲ್ಲದ್ದು.
ಪಲ್ಲವಿಗೆ ಪಿಟೀಲು ಬಂತು,
ನನ್ನ ಕೈಯ ಚೀಟಿ ಕೆಳಗೆ ಬಿತ್ತು.

ಅಂದರೆ ಇದಿತ್ತು ಅಲ್ಲಿ.
ಸೆಕೆಯ ಅಡಿಯಲ್ಲಿ, ಅಬ್ಬಿಯ ಕಾಲಿನ ಅಡಿಯಲ್ಲಿ,
ಡ್ರಾಫ್ಟು ಕಳಿಸಿದ ತಾರೀಖಿನ ಅಡಿಯಲ್ಲಿ.
ಇವನ ಬಾಯಿಗೆ ಬಟ್ಟೆ ತುರುಕಿ
ಅಪ್ಪ ನಮ್ಮೊಡನೆ ಮಾತಾಡಿದ್ದ.

ಮತ್ತೊಂದು ಚರಣ, ಮತ್ತೆ ಪಲ್ಲವಿ.
ಮೂರನೆಯ ಸಲಕ್ಕೆ ಚಪ್ಪಾಳೆ ಇಮ್ಮಡಿಯಾಯಿತು,
ಆ ಜಾಗ ಬಂತು.
ಉಸಿರು ಹಿಡಿದೆ.
ಕ್ಲಿಕ್ ಆಗಲಿಲ್ಲ.
ಅಲ್ಲಿ ಯಾವತ್ತೂ ಯಾರೂ ಕೂತಿರಲಿಲ್ಲವೆಂಬಂತೆ
ಹಾಡು ದಾಟಿಕೊಂಡು ಹೋಯಿತು.

"ಏನು ಹೇಳುತ್ತಾನೆ ಇವನು?"
ಬದ್ರಿಯಾ ಭುಜ ಕುಣಿಸಿದಳು. "ದೊಡ್ಡದೇನಿಲ್ಲ.
ನೆರೆಮನೆಯವಳು ಬಾಗಿಲು ಹಾಕಲು ಮರೆತಿದ್ದಾಳೆ,
ಬೆಕ್ಕು ಒಳಹೊಕ್ಕಿದೆ, ಬೆಕ್ಕಾದರೂ ಆಗಬಾರದಿತ್ತೇ ನಾನು ಅಂತ.
ಮದುವೆಯಲ್ಲಿ ಹಾಕುತ್ತಿದ್ದರು, ನಗಲಿಕ್ಕೆ."
ನನ್ನ ಬಂಗುಡೆ ತೀರಾ ತಪ್ಪಲ್ಲ ಹಾಗಾದರೆ.

ಐದನೆಯದು ಮೆಟ್ಟಿಲ ಕೆಳಗೆ ಸಿಕ್ಕಿತು.
ಮುಳ್ಳು ಹಸಿರಿನಲ್ಲೇ ಇತ್ತು. ತಾರೀಖು ಬರೆದೆ.
ಹೊರಡುವಾಗ ಬಾಯಿತಪ್ಪಿ "ಹಂಗಾರೆ" ಎಂದೆ.
"ಹಂಗಾರೆ" ಎಂದಳು ಬದ್ರಿಯಾ,
ಅರ್ಥ ಕೇಳದೆ, ದೀಪ ಆರಿಸುತ್ತ.